ಖಾತೆಗೆ ಬಾರದ ಬಾಕಿ



ನಮ್ಮ ಕನ್ನಡದ ಹೊತ್ತಿನಲ್ಲಿ ಈ ಸಲ ಜಪಾನಿನ ಟೀವಿ ಧಾರಾವಾಹಿಗಳ ಬಗ್ಗೆ ಮಾತಾಡುತ್ತೇನೆ ಅಂದಾಗ ಮಾರ್ಕೆಟ್ ಯಾರ್ಡಿನ ಗೆಳೆಯರು ನಕ್ಕರು. "ಬೆಲ್ಲದ ಅಡತಿಯಲ್ಲಿ ಲೆಕ್ಕ ಬರೆಯೋ ನಿನಗೂ ಜಪಾನಿಗೂ ಎಲ್ಲಿಯ ನಂಟು ಮಾರಾಯಾ?" ಅಂದರು. ಪ್ರಶ್ನೆ ಸರಿಯಾದದ್ದೇ. ನಾನು ಜಪಾನ್ ನೋಡಿದವನಲ್ಲ. ಭಾಷೆಯೂ ಬರುವುದಿಲ್ಲ. ಆದರೆ ನಮ್ಮ ಗುಲ್‌ಟೇಕಡಿಯ ಈ ಮಾರ್ಕೆಟ್ ಯಾರ್ಡಿಗೆ ಏನು ಬರುವುದಿಲ್ಲ ಹೇಳಿ! ರತ್ನಾಗಿರಿಯ ಹಾಪೂಸ್ ಬರುತ್ತದೆ, ಅದರ ಹಿಂದೆಯೇ ನಮ್ಮ ಕರ್ನಾಟಕದ ಮಾವೂ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಬರುತ್ತದೆ, ಹಿಮಾಚಲದ ಸೇಬು ಬರುತ್ತದೆ. ಚೀಲ ಬಿಚ್ಚಿದ ಮೇಲೆ ನಾವು ನೋಡುವುದು ಮಾಲನ್ನು. ಅದು ಯಾವ ಭಾಷೆಯ ಊರಿನಿಂದ ಬಂತು ಅಂತ ಯಾರು ಕೇಳುತ್ತಾರೆ? ಕತೆಯೂ ಹಾಗೆಯೇ ಅಂತ ನನ್ನ ಅನಿಸಿಕೆ.

ಇನ್ನೊಂದು ಮಾತು. ಪುಣೆಗೆ ಜಪಾನ್ ಅಷ್ಟೇನೂ ದೂರವಲ್ಲ. ಇಲ್ಲಿ ಜಪಾನಿ ಭಾಷೆ ಕಲಿಯುವ ಹುಡುಗ ಹುಡುಗಿಯರಿಗೆ ಲೆಕ್ಕವಿಲ್ಲ. ಸಿಂಹಗಡ ರಸ್ತೆಯಲ್ಲಿ ಪು.ಲ. ದೇಶಪಾಂಡೆಯವರ ಹೆಸರಿನ ಉದ್ಯಾನವಿದೆಯಲ್ಲ, ಅದನ್ನು ಜಪಾನಿನ ಒಕಾಯಾಮಾ ಊರಿನ ಕೊರಾಕುಎನ್ ಎಂಬ ಹಳೆಯ ತೋಟದ ಮಾದರಿಯಲ್ಲಿ ಮಾಡಿದ್ದು. ಭಾನುವಾರ ಮಕ್ಕಳನ್ನು ಕರಕೊಂಡು ಹೋಗಿ ಅಲ್ಲಿನ ಕೊಳ, ಸೇತುವೆ ನೋಡಿ ಬಂದವರು ನಿಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ನನ್ನ ಅಕ್ಕನ ಮಗಳೂ ಜಪಾನಿ ಕಲಿತವಳೇ. ಕಿವಿ ಪಳಗಲಿ ಅಂತ ಅವಳು ಧಾರಾವಾಹಿಗಳ ಸಿ.ಡಿ. ತಂದು ಹಾಕುತ್ತಿದ್ದಳು. ಅವಳು ಭಾಷೆ ಕಲಿತಳು, ಪಕ್ಕದಲ್ಲಿ ಕೂತ ನಮಗೆ ಕತೆಯ ಹುಚ್ಚು ಹಿಡಿಯಿತು.

ಮೊದಲು ಕಣ್ಣಿಗೆ ಬಿದ್ದದ್ದು ಅವುಗಳ ಅಳತೆ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್.ಎಚ್.ಕೆ. 1961ರಿಂದ ಬೆಳಗಿನ ಹೊತ್ತು ಒಂದು ಧಾರಾವಾಹಿ ಹಾಕುತ್ತಾ ಬಂದಿದೆ. ಕಂತಿಗೆ 15 ನಿಮಿಷ. ಸಾಮಾನ್ಯವಾಗಿ ಆರು ತಿಂಗಳಿಗೆ ಒಂದು ಕತೆ ಮುಗಿಯುತ್ತದೆ. ಖಾಸಗಿ ವಾಹಿನಿಗಳ ರಾತ್ರಿಯ ಪ್ರೇಮಕತೆಗಳಂತೂ ವಾರಕ್ಕೊಂದು ಕಂತಿನಂತೆ ಹತ್ತು ಹನ್ನೆರಡು ವಾರಗಳಲ್ಲಿ ಮಂಗಳ ಹಾಡಿಬಿಡುತ್ತವೆ. ನಮ್ಮಲ್ಲಿ ಒಂದು ಸೀರಿಯಲ್ ಶುರುವಾದಾಗ ಹುಟ್ಟಿದ ಕೂಸು ಅದು ಮುಗಿಯುವ ಹೊತ್ತಿಗೆ ಶಾಲೆಗೆ ಹೋಗುತ್ತಿರುತ್ತದೆ! ಎಲ್ಲವೂ ಹಾಗೆ ಅಂತಲ್ಲ. 1998ರಲ್ಲಿ ದೂರದರ್ಶನದಲ್ಲಿ ಬಂದ ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ದಂಥವು ಹೇಳಬೇಕಾದ್ದನ್ನು ಹೇಳಿ ಮುಗಿಸಿದವು. ಜಪಾನಿನಲ್ಲೂ ವರ್ಷಗಟ್ಟಲೆ ಎಳೆದ ಕತೆ ಇಲ್ಲದಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಮುಗಿಯುವ ದಿನ ಮೊದಲೇ ಗೊತ್ತಿದ್ದರೆ ಏನಾಗುತ್ತದೆ? ಯಾರೋ ಯಾರಿಗೋ ಹೇಳಬೇಕಾದ ಮಾತನ್ನು ಮುಂದೂಡುತ್ತಾ ಹೋಗಲು ಆಗುವುದಿಲ್ಲ. ಹನ್ನೊಂದನೇ ವಾರದೊಳಗೆ ಹೇಳಲೇಬೇಕು. ಇಲ್ಲವಾದರೆ ಹೇಳಲಿಲ್ಲ ಎಂಬುದೇ ಕತೆಯಾಗುತ್ತದೆ. ಇಂದು ನಾನು ಹೇಳುವುದೆಲ್ಲ ಈ ಒಂದು ವಿಷಯದ ಸುತ್ತಲೇ ಇದೆ. ಮನೆಯೊಳಗೆ ಒಬ್ಬರು ಇನ್ನೊಬ್ಬರಿಗೆ ಕೊಡಬೇಕಾದ ಬಾಕಿ, ಯಾವ ಕಿರ್ದಿಯಲ್ಲೂ ಖಾತೆಯಲ್ಲೂ ಬರೆಯದ ಬಾಕಿ, ಅದನ್ನು ಈ ಧಾರಾವಾಹಿಗಳು ಹೇಗೆ ತೋರಿಸುತ್ತವೆ ಅಂತ.

‘ಒಶಿನ್’ ಕತೆಯಿಂದ ಶುರು ಮಾಡೋಣ. ಬರೆದವರು ಸುಗಾಕೊ ಹಶಿದಾ ಎಂಬ ಲೇಖಕಿ. 1983ರ ಏಪ್ರಿಲ್‌ನಿಂದ 1984ರ ಮಾರ್ಚ್‌ವರೆಗೆ ಒಂದು ವರ್ಷ, 297 ಕಂತು. ಜಪಾನಿನಲ್ಲಿ ಸರಾಸರಿ ನೂರಕ್ಕೆ 52.6ರಷ್ಟು, ಒಂದು ಕಂತಿಗಂತೂ 62.9ರಷ್ಟು ವೀಕ್ಷಕರು. ಆಮೇಲೆ 60ಕ್ಕೂ ಹೆಚ್ಚು ದೇಶಗಳಲ್ಲಿ ಪ್ರಸಾರವಾಯಿತು. ಇರಾನಿನಲ್ಲಿ ಜನ ಮುಗಿಬಿದ್ದು ನೋಡಿದರು.

ಕತೆ ಏನು? ಯಾಮಾಗಾತಾ ಎಂಬ ಹಿಮದ ಸೀಮೆಯಲ್ಲಿ ಗೇಣಿ ರೈತನ ಮನೆ. ಬೆಳೆದ ಅಕ್ಕಿ ಒಡೆಯನಿಗೆ, ಬೆಳೆದವರಿಗೆ ಮೂಲಂಗಿ ಬೆರೆಸಿದ ಗಂಜಿಯಂಥ ಅನ್ನ. 1907ರ ಸುಮಾರಿನಲ್ಲಿ ಏಳು ವರ್ಷದ ಹುಡುಗಿ ಒಶಿನ್‌ಳನ್ನು ಒಂದು ಚೀಲ ಅಕ್ಕಿಗೆ ಒಂದು ವರ್ಷ ಜೀತಕ್ಕೆ ಕಳಿಸುತ್ತಾರೆ. ಹುಡುಗಿ ಮೊದಲು ಒಲ್ಲೆ ಅನ್ನುತ್ತಾಳೆ. ಆದರೆ ಇನ್ನೊಂದು ಬಾಯಿಗೆ ಅನ್ನವಿಲ್ಲವೆಂದು, ಹೊಟ್ಟೆಯಲ್ಲಿರುವ ಕೂಸು ಹೋಗಲಿ ಎಂದು ಕೊರೆಯುವ ನೀರಿಗೆ ಇಳಿದು ನಿಂತ ತಾಯಿಯನ್ನು ನೋಡಿದ ಮೇಲೆ ತಾನೇ ಹೊರಡುತ್ತಾಳೆ. ವಿಜಯಪುರ, ಕಲಬುರಗಿ, ಸೊಲ್ಲಾಪುರ ಸೀಮೆಯಿಂದ ಬರಗಾಲದಲ್ಲಿ ಪುಣೆಗೆ ಬಂದವರ ಮನೆಗಳಲ್ಲಿ ಈ ಕತೆಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಹೊರಡುವಾಗ ಅಜ್ಜಿ ಅವಳಿಗೆ ತಾನು ಕೂಡಿಟ್ಟ 50 ಸೆನ್‌ನ ಒಂದು ಬೆಳ್ಳಿ ನಾಣ್ಯ ಕೊಡುತ್ತಾಳೆ. ಮೊಮ್ಮಗಳ ಕೊರಳಿಗೆ ಏನೂ ಹಾಕಲಾಗದ ಬಡವಿಯ ಒಟ್ಟು ಆಸ್ತಿ ಅದು. ಕೆಲಸದ ಮನೆಯಲ್ಲಿ ಒಂದು ದಿನ ಅಷ್ಟೇ ಹಣ ಕಾಣೆಯಾಗುತ್ತದೆ. ಒಶಿನ್‌ಳನ್ನು ಹುಡುಕಿದರೆ ನಾಣ್ಯ ಸಿಗುತ್ತದೆ. ಕಳ್ಳಿ ಅನ್ನುತ್ತಾರೆ, ಕಿತ್ತುಕೊಳ್ಳುತ್ತಾರೆ. "ಅಜ್ಜಿ ಕೊಟ್ಟದ್ದು" ಎಂದರೆ ನಂಬುವವರು ಯಾರು? ಬಡವರ ಕೈಯಲ್ಲಿ ದುಡ್ಡು ಕಂಡರೆ ಲೋಕ ಮೊದಲು ಕೇಳುವ ಪ್ರಶ್ನೆ ಒಂದೇ: ಇದು ನಿನಗೆ ಎಲ್ಲಿಂದ ಬಂತು? ಹುಡುಗಿ ಹಿಮದಲ್ಲಿ ಓಡಿಹೋಗುತ್ತಾಳೆ. ನಾನು ಆ ಕಂತು ನೋಡಿದ ರಾತ್ರಿ ಊಟ ಸರಿಯಾಗಿ ಇಳಿಯಲಿಲ್ಲ.

ಮುಂದೆ ಅವಳು ಸಾಕಾತಾ ಎಂಬ ಬಂದರಿನ ಅಕ್ಕಿಯ ಸಗಟು ವ್ಯಾಪಾರಿಯ ಮನೆ ಸೇರುತ್ತಾಳೆ. ನಮ್ಮ ಭುಸಾರ್ ಓಣಿಯ ಮಂದಿಗೆ ಈ ಭಾಗ ಹಿಡಿಸದೆ ಇರದು. ಅಲ್ಲಿನ ಹಿರಿಯಜ್ಜಿ ಕೆಲಸದ ಹುಡುಗಿಗೆ ಓದು, ಬರಹ, ಮಣಿಕಟ್ಟಿನ ಲೆಕ್ಕ ಎಲ್ಲ ಕಲಿಸುತ್ತಾಳೆ. ಒಶಿನ್ ಮುಂದೆ ಕೇಶಾಲಂಕಾರದ ಕೆಲಸ ಮಾಡಿ, ಮೀನು ಹೊತ್ತು ಮಾರಿ, ಅಂಗಡಿ ಹಾಕಿ, ಯುದ್ಧದಲ್ಲಿ ಮಗನನ್ನೂ ಆಮೇಲೆ ಗಂಡನನ್ನೂ ಕಳಕೊಂಡು, ಕೊನೆಗೆ ಸೂಪರ್ ಮಾರ್ಕೆಟ್‌ಗಳ ಸಾಲು ಕಟ್ಟುತ್ತಾಳೆ.

ಜನ ಒಶಿನ್ ಅಂದರೆ ತಾಳ್ಮೆ ಅಂತಾರೆ. "ತಾಳಿದವನು ಬಾಳಿಯಾನು" ಎಂಬ ಗಾದೆಗೆ ಜಪಾನಿ ಉದಾಹರಣೆ ಅನ್ನುವ ಹಾಗೆ. ಆದರೆ ಕತೆ ಶುರುವಾಗುವುದು ಹುಡುಗಿಯಿಂದ ಅಲ್ಲ, 83 ವರ್ಷದ ಮುದುಕಿಯಿಂದ. ಮಗ ಕಟ್ಟಿಸಿದ 17ನೇ ಅಂಗಡಿ ತೆರೆಯುವ ದಿನ, ಮನೆಮಂದಿಯೆಲ್ಲ ಹಾರ ತುರಾಯಿಯ ಗಡಿಬಿಡಿಯಲ್ಲಿದ್ದಾಗ, ಅಜ್ಜಿ ಹೇಳದೆ ಕೇಳದೆ ರೈಲು ಹತ್ತಿ ಹೋಗಿಬಿಡುತ್ತಾಳೆ. ಯಾಕೆ? ತಾನು ಬಂದ ದಾರಿಯನ್ನು ಮತ್ತೊಮ್ಮೆ ನೋಡಬೇಕು, ಎಲ್ಲಿ ತಪ್ಪಿದೆ ಅಂತ ತಿಳಿಯಬೇಕು ಅಂತ. ಆ ಹೊಸ ಅಂಗಡಿಯಿಂದ, ಒಂದು ಕಾಲಕ್ಕೆ ತನಗೆ ಕೈಹಿಡಿದು ಉಪಕಾರ ಮಾಡಿದವರ ಅಂಗಡಿಗೇ ಪೆಟ್ಟು ಬೀಳುತ್ತದೆ ಎಂಬುದು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿದೆ. ಮಗನ ಲೆಕ್ಕದಲ್ಲಿ ಅದು ವ್ಯಾಪಾರ. ತಾಯಿಯ ಲೆಕ್ಕದಲ್ಲಿ ಬಾಕಿ. ಮಗ ಕೆಟ್ಟವನಲ್ಲ, ಆ ಬಾಕಿ ಅವನಿಗೆ ಕಾಣಿಸುವುದೇ ಇಲ್ಲ. ಹಶಿದಾ ಅವರು ಬರೆದದ್ದು ತಾಳ್ಮೆಯ ಪುರಾಣವನ್ನಲ್ಲ, ಸಂಪತ್ತು ಬಂದ ಮೇಲೆ ನಾವು ಏನನ್ನು ಮರೆತೆವು ಎಂಬ ಪ್ರಶ್ನೆಯನ್ನು. ಆ ಕಾಲದ ಜಪಾನಿನ ಮನೆಮನೆಗೂ ಅದು ತಟ್ಟಿತು. ಎರಡು ಪೀಳಿಗೆಯಲ್ಲಿ ಹಮಾಲಿಯಿಂದ ಅಂಗಡಿಗೆ, ಅಂಗಡಿಯಿಂದ ಫ್ಲ್ಯಾಟಿಗೆ ಏರಿದ ಇಲ್ಲಿನ ಮನೆಗಳಿಗೂ ತಟ್ಟಬೇಕಾದ ಪ್ರಶ್ನೆಯೇ.

ಇನ್ನು ಎರಡನೆಯ ಕತೆ, ‘ಕಿತಾ ನೊ ಕುನಿ ಕರಾ’. ಅಂದರೆ ‘ಬಡಗಣ ನಾಡಿನಿಂದ’. ಬರೆದವರು ಸೊ ಕುರಾಮೊತೊ. 1981ರಲ್ಲಿ ಫ್ಯೂಜಿ ಟೀವಿಯಲ್ಲಿ ಶುರುವಾಗಿ, 24 ಕಂತು ಮುಗಿದ ಮೇಲೆಯೂ ಆಗಾಗ ವಿಶೇಷ ಕಂತುಗಳಾಗಿ 2002ರವರೆಗೆ ಬಂತು. ಹೆಂಡತಿಯಿಂದ ದೂರವಾದ ಗೊರೊ ಎಂಬವನು ಟೋಕಿಯೊ ಬಿಟ್ಟು ಮಗ ಜುನ್, ಮಗಳು ಹೊತಾರು ಇಬ್ಬರನ್ನೂ ಕರಕೊಂಡು ಉತ್ತರದ ಹೊಕ್ಕಾಯಿದೊ ದ್ವೀಪದ ಫುರಾನೊಗೆ, ಕರೆಂಟೂ ಇಲ್ಲದ ಹಳೆಯ ಮನೆಗೆ ಬರುತ್ತಾನೆ. ಆ ಮಕ್ಕಳ ಪಾತ್ರ ಮಾಡಿದವರು ನಮ್ಮ ಕಣ್ಣೆದುರೇ ಬೆಳೆದು ದೊಡ್ಡವರಾಗುತ್ತಾರೆ. 21 ವರ್ಷ ಅದೇ ನಟರು! ಗೊರೊ ಆಗಿದ್ದ ಕುನಿಎ ತನಾಕಾ 2021ರಲ್ಲಿ ತೀರಿಕೊಂಡರು. ‘ಒಶಿನ್’ ಬರೆದ ಹಶಿದಾ ಅವರೂ ಅದೇ ವರ್ಷ ಹೋದರು.

1987ರ ವಿಶೇಷ ಕಂತಿನಲ್ಲಿ ಜುನ್ ಶಾಲೆ ಮುಗಿಸಿ ಟೋಕಿಯೊಗೆ ಹೊರಡುತ್ತಾನೆ. ದೂರ ಹೋಗುವ ಒಂದು ಲಾರಿಯಲ್ಲಿ ಅವನನ್ನು ಕೂರಿಸುತ್ತಾರೆ. ಡ್ರೈವರ್ ಒರಟ, ಮಾತು ಕಡಿಮೆ. ಒಂದಿಷ್ಟು ದಾರಿ ಹೋದ ಮೇಲೆ ಅವನು ಹುಡುಗನಿಗೆ ಒಂದು ಲಕೋಟೆ ತೋರಿಸುತ್ತಾನೆ. ಮಗನನ್ನು ಕರಕೊಂಡು ಹೋಗುವುದಕ್ಕೆ ಅಂತ ಅಪ್ಪ ಕೊಟ್ಟ ಹಣ. ಒಳಗೆ ಹತ್ತು ಸಾವಿರ ಯೆನ್‌ನ ಎರಡು ನೋಟು. ಹೊಸ ನೋಟು, ಆದರೆ ಮಣ್ಣು ಮೆತ್ತಿದೆ. ಅದು ನಿಮ್ಮಪ್ಪನ ಕೈಯ ಮಣ್ಣು, ಇದನ್ನು ನಾನು ತೆಗೆದುಕೊಳ್ಳಲಾರೆ, ನೀನೇ ಇಟ್ಟುಕೋ, ಬದುಕಿರುವವರೆಗೂ ಖರ್ಚು ಮಾಡಬೇಡ ಎಂಬ ಅರ್ಥದ ಮಾತು ಹೇಳುತ್ತಾನೆ. ಹುಡುಗ ನೋಟು ನೋಡುತ್ತಾ ಅಳುತ್ತಾನೆ. ಅಷ್ಟೇ.

ನಮ್ಮ ತಂದೆ ಆಗ ಎಂಬತ್ತರ ಹತ್ತಿರ ಇದ್ದರು. 1972ರ ಬರದಲ್ಲಿ ಇಂಡಿ ಕಡೆಯಿಂದ ಬಂದು, ಬದುಕೆಲ್ಲ ಇಲ್ಲಿ ಚೀಲ ಹೊತ್ತವರು. ಅವರು ಟೀವಿ ಕಡೆ ಮುಖ ಮಾಡಿ ಸುಮ್ಮನೆ ಕೂತಿರುತ್ತಿದ್ದರೇ ಹೊರತು ಮಾತಾಡಿದ್ದು ಕಡಿಮೆ. ಈ ದೃಶ್ಯ ಮುಗಿದ ಮೇಲೆ ಮೊಮ್ಮಗಳನ್ನು ಕೇಳಿದರು: "ಡ್ರೈವರ್ ರೊಕ್ಕಾ ತಿರುಗಿ ಕೊಟ್ಟ, ಖರೆ. ಅವನ ಊಟದ್ದೇನು?"

ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. "ರಾತ್ರಿ ಗಾಡಿ ಹೊಡಿಯೋ ಮನುಷ್ಯಾ. ಆ ರೊಕ್ಕದಾಗ ಅವನ ಊಟಾನೂ ಇತ್ತು. ಉಪವಾಸ ಹೋಗಿರಬೇಕು" ಅಂದರು. ಆಮೇಲೆ ನಿಧಾನಕ್ಕೆ ಅವರ ಮಾತು ಹೊರಬಂತು. ಅವರು ಊರು ಬಿಟ್ಟದ್ದೂ ಲಾರಿಯಲ್ಲೇ, ಚೀಲಗಳ ಮೇಲೆ ಕೂತು. ಅವರ ತಾಯಿ ಕಟ್ಟಿ ಕೊಟ್ಟ ನಾಲ್ಕು ರೊಟ್ಟಿಯಲ್ಲಿ ಎರಡನ್ನು ಡ್ರೈವರಿಗೆ ಕೊಟ್ಟರಂತೆ. ಮನೆಯಲ್ಲಿ ಆ ದಿನ ಹಿಟ್ಟು ಇದ್ದದ್ದೇ ಅಷ್ಟು ಎಂಬುದು ಅವರಿಗೆ ಗೊತ್ತಾದದ್ದು ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ತಾಯಿ ಇರಲಿಲ್ಲ. ನಲವತ್ತು ವರ್ಷ ಒಂದೇ ಸೂರಿನಡಿ ಇದ್ದ ನಾನು ಆ ರೊಟ್ಟಿಯ ಸುದ್ದಿ ಕೇಳಿದ್ದು ಅಂದೇ. ಜಪಾನಿನ ಯಾವನೋ ಲಾರಿ ಡ್ರೈವರ್ ಬಂದು ಕೇಳಿದ ಮೇಲೆ!

ಮಾರ್ಕೆಟ್ ಯಾರ್ಡಿನಲ್ಲಿ ಊಟಕ್ಕಿರುವ ಮರ್ಯಾದೆ ನಿಮಗೆ ಗೊತ್ತು. ಹಮಾಲ ಪಂಚಾಯತ್ ನಡೆಸುವ ‘ಕಷ್ಟಾಚಿ ಭಾಕರ್’ ಇದೆ, ದುಡಿಯುವವನಿಗೆ ಕಡಿಮೆ ದುಡ್ಡಿಗೆ ಹೊಟ್ಟೆ ತುಂಬ ಊಟ. ಕಷ್ಟದ ರೊಟ್ಟಿ ಎಂಬ ಆ ಹೆಸರೇ ಸಾಕು. ಹೊರೆಯ ಲೆಕ್ಕವಾದರೆ ಕಾನೂನಿಗೂ ಬಂತು, 1969ರ ಮಾಥಾಡಿ ಹಮಾಲರ ಕಾಯಿದೆಯಿಂದ ಎಷ್ಟೋ ಮನೆಗಳಿಗೆ ಆಸರೆ ಸಿಕ್ಕಿತು. ಆದರೆ ತಾಯಿಯ ರೊಟ್ಟಿ ಯಾವ ಕಾಯಿದೆಗೆ ಬರುತ್ತದೆ, ಯಾವ ಖಾತೆಗೆ ಏರುತ್ತದೆ?

ಈಗ ಪ್ರೇಮಕತೆಗಳಿಗೆ ಬರೋಣ. ಇಲ್ಲವಾದರೆ ತರುಣ ಕೇಳುಗರು ರೇಡಿಯೋ ಆರಿಸಿಬಿಡುತ್ತಾರೆ! ‘ಟೋಕಿಯೊ ಲವ್ ಸ್ಟೋರಿ’ 1991ರಲ್ಲಿ ಬಂದದ್ದು. ಸೋಮವಾರ ರಾತ್ರಿ 9ಕ್ಕೆ, 11 ಕಂತು. ಕಾಂಜಿ ಎಂಬ ಹುಡುಗ ಎಹಿಮೆ ಎಂಬ ಸೀಮೆಯಿಂದ ಟೋಕಿಯೊಗೆ ಕೆಲಸಕ್ಕೆ ಬಂದವನು. ಒಳ್ಳೆಯವನು, ಆದರೆ ಮನಸ್ಸಿನಲ್ಲಿರುವುದು ಬಾಯಿಗೆ ಬರುವುದಿಲ್ಲ. ರಿಕಾ ಎಂಬ ಹುಡುಗಿ ಹೊರದೇಶದಲ್ಲಿ ಬೆಳೆದವಳು. ಇಷ್ಟ ಅಂದರೆ ಇಷ್ಟ ಅಂತ ನಡುರಸ್ತೆಯಲ್ಲಿ ನಿಂತು ಹೇಳಬಲ್ಲವಳು. ಅವಳು ಕೊಡುತ್ತಲೇ ಹೋಗುತ್ತಾಳೆ, ಅವನು ಯೋಚಿಸುತ್ತಲೇ ಇರುತ್ತಾನೆ. ಕೊನೆಗೆ ಅವನ ಊರಿನ ಕಡೆಯ ಬೈಶಿಂಜಿ ಎಂಬ ಸಮುದ್ರದಂಚಿನ ಪುಟ್ಟ ಸ್ಟೇಷನ್ನಿನಿಂದ ಅವಳು ಹೊರಟುಹೋಗುತ್ತಾಳೆ. ಇಂಥ ರೈಲಿಗೆ ಹೋಗುತ್ತೇನೆ, ಬರುವುದಾದರೆ ಬಾ ಅಂತ ಹೇಳಿದ್ದಾಳೆ. ಆದರೆ ಅದಕ್ಕಿಂತ ಮೊದಲಿನ ರೈಲು ಹತ್ತಿಬಿಡುತ್ತಾಳೆ. ಅವನು ಓಡಿ ಬಂದಾಗ ಕಂಬಿಗೆ ಕಟ್ಟಿದ ಒಂದು ಕರವಸ್ತ್ರ, ಅದರ ಮೇಲೆ ವಿದಾಯದ ಎರಡು ಶಬ್ದ. ಇಂದಿಗೂ ಜನ ಆ ಸ್ಟೇಷನ್ನಿಗೆ ಹೋಗಿ ಕರವಸ್ತ್ರ ಕಟ್ಟಿ ಬರುತ್ತಾರೆ.

ಅವಳು ಯಾಕೆ ಕಾಯಲಿಲ್ಲ? ನಮ್ಮ ಮನೆಯಲ್ಲಿ ಇದರ ಮೇಲೆ ದೊಡ್ಡ ವಾದವೇ ನಡೆಯಿತು. ಸೊಕ್ಕು ಅಂದರು ಒಬ್ಬರು. ನನ್ನ ಹೆಂಡತಿ ಹೇಳಿದ್ದು ನನಗೆ ಒಪ್ಪಿಗೆಯಾಯಿತು: "ಬರತಾನೋ ಇಲ್ಲೋ ಅಂತ ಕಾಯೋದು ಅವಳಿಗೆ ಸಾಕಾಗಿತ್ತು. ಬರಲಿಲ್ಲ ಅನ್ನೋದನ್ನ ಕಣ್ಣಾರೆ ನೋಡೋ ಧೈರ್ಯ ಇರಲಿಲ್ಲ."

1996ರ ‘ಲಾಂಗ್ ವೆಕೇಶನ್’ ಇದಕ್ಕೆ ತಿರುಗುಮುರುಗು. ಮದುವಣಗಿತ್ತಿಯ ಉಡುಪಿನಲ್ಲೇ ಮಿನಾಮಿ ಎಂಬವಳು ಬೀದಿಯಲ್ಲಿ ಓಡುತ್ತಾ ವರನ ಮನೆ ಬಾಗಿಲು ಬಡಿಯುತ್ತಾಳೆ. ವರ ಪರಾರಿ. ಬಾಗಿಲು ತೆಗೆದವನು ಅದೇ ಮನೆಯ ಇನ್ನೊಬ್ಬ ಬಾಡಿಗೆದಾರ, ಸೆನಾ ಎಂಬ ಸಂಕೋಚದ ಪಿಯಾನೊ ವಾದಕ. ನಮ್ಮಲ್ಲಾದರೆ ಮದುವೆ ಮುರಿದ ಹುಡುಗಿಯ ಕಣ್ಣೀರಿಗೇ ನೂರು ಕಂತು ಬೇಕು. ಇಲ್ಲಿ ಅವಳು ನಗುತ್ತಾಳೆ, ಜಗಳಾಡುತ್ತಾಳೆ, ಅದೇ ಮನೆಯಲ್ಲಿ ಬಾಡಿಗೆಗೆ ಸೇರಿಕೊಳ್ಳುತ್ತಾಳೆ. ಬದುಕು ಕೆಲಕಾಲ ನಿಂತುಹೋದರೆ ದೇವರು ಕೊಟ್ಟ ದೊಡ್ಡ ರಜೆ ಅಂದುಕೊಳ್ಳೋಣ ಎಂಬುದೇ ಹೆಸರಿನ ಅರ್ಥ. ಮದುವೆ ತಪ್ಪಿದರೆ ಬದುಕೇ ಮುಗಿಯಿತು ಅಂತ ನಂಬಿಸುವ ನಮ್ಮ ಓಣಿಗಳಲ್ಲಿ ಹೆಣ್ಣುಮಕ್ಕಳು ಇದನ್ನು ನೋಡಬೇಕು. ಅವರಿಗಿಂತ ಮೊದಲು ಅವರ ತಂದೆತಾಯಿ ನೋಡಬೇಕು.

ಆಗಲೇ ಹೇಳಿದೆನಲ್ಲ, ವರ್ಷಗಟ್ಟಲೆ ನಡೆದ ಕತೆಯೂ ಇದೆ ಅಂತ. ಅದನ್ನೂ ಬರೆದವರು ಇದೇ ಹಶಿದಾ. ‘ವತಾರು ಸೆಕೆನ್ ವಾ ಒನಿ ಬಕಾರಿ’, 1990ರಿಂದ 2011ರವರೆಗೆ, 500ಕ್ಕೂ ಹೆಚ್ಚು ಕಂತು. ‘ಲೋಕದಲ್ಲಿ ರಾಕ್ಷಸರೇನಿಲ್ಲ’ ಎಂಬ ಜಪಾನಿ ಗಾದೆಯನ್ನು ಹಶಿದಾ ತಿರುಗಿಸಿ ‘ಲೋಕದಲ್ಲಿ ಬರೀ ರಾಕ್ಷಸರೇ’ ಅಂತ ಹೆಸರಿಟ್ಟರು! ಐದು ಹೆಣ್ಣುಮಕ್ಕಳ ಮನೆ. ಅದರಲ್ಲೊಬ್ಬಳು ಚೀನೀ ಊಟದ ಪುಟ್ಟ ಖಾನಾವಳಿಯ ಮನೆಗೆ ಸೊಸೆಯಾಗಿ ಹೋದವಳು. ಅತ್ತೆಯ ಕಾಟ, ನಾದಿನಿಯರ ಚುಚ್ಚುಮಾತು, ನಡುವೆ ಗಿರಾಕಿಗಳಿಗೆ ಊಟ ಬಡಿಸುವ ಧಾವಂತ. ವಿಷ ಹಾಕುವ ಸಂಚು, ಸತ್ತವರು ಎದ್ದು ಬರುವುದು ಏನೂ ಇಲ್ಲ. ಪಾತ್ರೆ ತೊಳೆದವರು ಯಾರು, ಗಲ್ಲೆಯ ದುಡ್ಡು ಯಾರದು, ತವರಿಗೆ ಹೋಗಲು ರಜೆ ಸಿಗುತ್ತದೋ ಇಲ್ಲವೋ, ಇವೇ ಜಗಳ. ನಮ್ಮ ಖಾನಾವಳಿ ನಡೆಸುವ ಮನೆಗಳಲ್ಲಿ ನಡೆಯುವುದೂ ಇವೇ ಅಲ್ಲವೇ?

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಮಾತು ಹೇಳದಿದ್ದರೆ ತೂಕದಲ್ಲಿ ಮೋಸವಾಗುತ್ತದೆ. ಈ ಕತೆಗಳಲ್ಲಿ ಸಹಿಸುವ ಪಾಲು ಹೆಚ್ಚಾಗಿ ಹೆಂಗಸರದ್ದೇ. 1923ರ ಭೂಕಂಪದಲ್ಲಿ ಟೋಕಿಯೊದ ಮನೆಮಾರು ಕಳಕೊಂಡ ಒಶಿನ್ ಗಂಡನ ಊರು ಸಾಗಾಕ್ಕೆ ಹೋದಾಗ ಅತ್ತೆ ಕೊಡುವ ಕಷ್ಟ ನೋಡಲಾಗುವುದಿಲ್ಲ. ಬಸುರಿಯಾಗಿಯೂ ಹೊಲದಲ್ಲಿ ದುಡಿದು ಅವಳ ಕೂಸು ಉಳಿಯುವುದಿಲ್ಲ. ಅದೇ ಹೊತ್ತಿಗೆ ಹೆತ್ತ ನಾದಿನಿಯ ಕೂಸಿಗೆ ಅವಳು ತನ್ನ ಎದೆಹಾಲು ಕೊಡುತ್ತಾಳೆ. ಇದನ್ನು ನೋಡಿ "ಹೆಣ್ಣು ಅಂದರೆ ಹೀಗಿರಬೇಕು" ಅಂತ ಕೈಮುಗಿಯುವವರಿದ್ದಾರೆ. ಆದರೆ ಒಶಿನ್ ಅಲ್ಲಿ ಕೊನೆವರೆಗೂ ಕೂರಲಿಲ್ಲ. ಮಗನನ್ನು ಎತ್ತಿಕೊಂಡು ಆ ಮನೆ ಬಿಟ್ಟು ಹೊರಟಳು, ತನ್ನ ಕಾಲ ಮೇಲೆ ನಿಂತಳು. ಅವಳನ್ನು ಪೂಜೆ ಮಾಡುವವರು ಈ ಕಂತನ್ನು ಮಾತ್ರ ಮರೆಯುತ್ತಾರೆ. ಮೌನ ಬಂಗಾರ ಅಂತೇನೋ ಗಾದೆ ಇದೆ. ಆದರೆ ಆ ಬಂಗಾರದ ಭಾರವನ್ನು ಮನೆಯಲ್ಲಿ ಒಬ್ಬರೇ ಹೊರುತ್ತಿದ್ದರೆ ಅದು ಅನ್ಯಾಯ.

ಕೊನೆಯದಾಗಿ ‘ಒಂದು ಲೀಟರ್ ಕಣ್ಣೀರು’. 2005ರಲ್ಲಿ ಬಂದದ್ದು, 11 ಕಂತು. ಇದರ ಹಿಂದೆ ನಿಜವಾದ ಜೀವವಿದೆ. ಆಯಾ ಕಿತೊ ಎಂಬ ಹುಡುಗಿ ನಡೆಯುವ, ಬರೆಯುವ, ಮಾತಾಡುವ ಶಕ್ತಿಯನ್ನು ಒಂದೊಂದಾಗಿ ಕಸಿಯುವ ನರರೋಗದೊಂದಿಗೆ ಬದುಕಿ, ದಿನಚರಿ ಬರೆದು, 1988ರಲ್ಲಿ 25ನೇ ವಯಸ್ಸಿನಲ್ಲಿ ತೀರಿಕೊಂಡಳು. ಧಾರಾವಾಹಿಯಲ್ಲಿ ಅವಳ ತಂದೆಯದು ತೋಫು ಅಂಗಡಿ. ನಮ್ಮ ಕಡೆ ಹಾಲು, ಪನೀರಿನವರ ಹಾಗೆ ಬೆಳಕು ಹರಿಯುವ ಮೊದಲೇ ಎದ್ದು ದುಡಿಯುವ ಕಸುಬು. ಮಗಳಿಗೆ ಏನಾಗಿದೆ ಅಂತ ಹೇಳಬೇಕೋ ಬೇಡವೋ ಎಂದು ತಂದೆತಾಯಿ ತಳಮಳಿಸುತ್ತಾರೆ. ಕೊನೆಗೆ ಹೇಳುತ್ತಾರೆ. ಹೇಳಿದ ಮೇಲೆ ಮನೆ ಒಡೆಯುವುದಿಲ್ಲ, ಗಟ್ಟಿಯಾಗುತ್ತದೆ. ಹೊತ್ತು ಕಡಿಮೆ ಇದೆ ಅಂತ ಎಲ್ಲರಿಗೂ ಗೊತ್ತಾದ್ದರಿಂದ, ತಂಗಿ ತಮ್ಮಂದಿರೂ ಆಡಬೇಕಾದ ಮಾತನ್ನು ಆಡುತ್ತಾರೆ.

ಹನ್ನೊಂದು ಕಂತಿನಲ್ಲಿ ಮುಗಿಯುತ್ತದೆ ಅಂತ ಗೊತ್ತಿದ್ದ ಕತೆಗಾರ ತನ್ನ ಪಾತ್ರಗಳಿಗೆ ಮಾತಾಡಿಸುತ್ತಾನೆ. ನಮಗೆ ಎಷ್ಟು ಕಂತು ಉಳಿದಿವೆ ಅಂತ ಯಾರೂ ಹೇಳಿಲ್ಲ. ಅದಕ್ಕೇ ನಾವು ನಾಳೆ ಮಾತಾಡೋಣ, ಸೀಸನ್ ಮುಗಿಯಲಿ, ದೀಪಾವಳಿಗೆ ಲೆಕ್ಕ ಚುಕ್ತಾ ಆಗಲಿ ಅಂತ ಮುಂದೂಡುತ್ತೇವೆ. ನಮ್ಮ ಅಂಗಡಿಗಳಲ್ಲಿ ಪ್ರತಿ ವರ್ಷ ಹೊಸ ಪುಸ್ತಕಕ್ಕೆ ಪೂಜೆ ಮಾಡಿ, ಹಳೆಯ ಬಾಕಿಯನ್ನು ಮೊದಲ ಪುಟಕ್ಕೆ ತರುತ್ತೇವೆ. ಮನೆಯ ಬಾಕಿಗೆ ಅಂಥ ಪುಟವೇ ಇಲ್ಲ.

ನಮ್ಮ ತಂದೆ ಈಗ ಇಲ್ಲ. ಅವರು ಹೋದ ಮೇಲೆ ನನಗೆ ಇರುವ ಸಮಾಧಾನಗಳಲ್ಲಿ ಆ ರಾತ್ರಿಯೂ ಒಂದು. ಇಲ್ಲವಾದರೆ ಎರಡು ರೊಟ್ಟಿಯ ಕತೆ ಅವರ ಜೊತೆಯೇ ಹೋಗುತ್ತಿತ್ತು, ನಾನು ಕಣ್ಣಾರೆ ಕಾಣದ ಅಜ್ಜಿ ನನಗೆ ಬರೀ ಒಂದು ಹೆಸರಾಗಿ ಉಳಿಯುತ್ತಿದ್ದಳು.

ಹಾಗಾಗಿ ಕೇಳುಗರಲ್ಲಿ ಒಂದು ವಿನಂತಿ. ಜಪಾನಿ ಧಾರಾವಾಹಿಯೇ ಆಗಬೇಕೆಂದಿಲ್ಲ, ಕನ್ನಡದ್ದೋ ಮರಾಠಿಯದೋ ಒಂದು ಒಳ್ಳೆಯ ಕತೆ ಮನೆಯ ಹಿರಿಯರ ಜೊತೆ ಕೂತು ನೋಡಿ. ನಡುವೆ ಅವರೇನಾದರೂ ಅಡ್ಡ ಮಾತಾಡಿದರೆ "ಸುಮ್ಮನಿರಿ, ಕೇಳಿಸೋದಿಲ್ಲ" ಅನ್ನಬೇಡಿ. ಟೀವಿಯ ದನಿ ತಗ್ಗಿಸಿ, ಅವರ ಮಾತು ಕೇಳಿ.